ರೊಪ್ಪ ಖಾಲಿಯಾದ ಮೇಲೆ

ಕೇರಾಫ್ ೫೬ ಎ.ಪಿ.ಒ.
೭ ಜುಲೈ ೨೦೨೪

ಚಿ. ಸೌ. ಮಮತಾಗೆ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ನೀವೆಲ್ಲ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ತಾನೇ ಫೋನಿನಲ್ಲಿ ಮಾತಾಡಿದ ಗಂಡ ಈಗ ಯಾಕೆ ಪತ್ರ ಬರೆಯುತ್ತಿದ್ದಾನೆ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಇದು ಹೋಂವರ್ಕ್.

ನಮ್ಮ ಯೂನಿಟ್ಟಿನಲ್ಲಿ ಗಂಡ ಹೆಂಡಿರಿಗಾಗಿ ಒಂದು ಕ್ಲಾಸು ಶುರುವಾಗಿದೆ. ಸೈನ್ಯದವರ ಸಂಸಾರ ಗಟ್ಟಿಯಾಗಿರಲಿ ಎಂದು ಪ್ರತಿ ಶನಿವಾರ ಒಬ್ಬ ಮೇಡಂ ಬಂದು ಪಾಠ ಮಾಡುತ್ತಾರೆ. ಕ್ವಾರ್ಟರ್ಸಿನಲ್ಲಿ ಇರುವವರು ಜೋಡಿಯಾಗಿ ಕೂರುತ್ತಾರೆ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದವರು ನಾನು ಮತ್ತು ಹಿರೇಕೆರೂರಿನ ಪ್ರದೀಪ್, ಇಬ್ಬರೇ. ಕಳೆದ ವಾರ ಅಭ್ಯಾಸಕ್ಕೆಂದು ಪ್ರದೀಪನನ್ನು ನನ್ನ ಎದುರು ಕೂರಿಸಿ, ಇವನೇ ಮಮತಾ ಎಂದುಕೊಳ್ಳಿ ಎಂದರು. ಆ ಮೀಸೆ ನೋಡಿಕೊಂಡು ನಾನು ಏನು ಮಾತಾಡಲಿ? ಫೋನಿನಲ್ಲಿ ಮಾತಾಡುತ್ತೀರಲ್ಲ ಎಂದು ಮೇಡಂ ಕೇಳಿದಾಗ ಇದ್ದದ್ದು ಹೇಳಿದೆ. ಅಮ್ಮ ಸ್ಪೀಕರ್ ಹಾಕಿಸುತ್ತಾಳೆ, ಪಕ್ಕದ ಮನೆ ಅಕ್ಕನಾಗಮ್ಮನೂ ಬಂದು ಕೂರುತ್ತಾಳೆ, ನನ್ನ ಹೆಂಡತಿ 'ಆರಾಮ್ ರೀ' ಅಂದು ಮುಗಿಸುತ್ತಾಳೆ ಎಂದೆ. ಹಾಗಾದರೆ ಪತ್ರ ಬರೆಯಿರಿ ಎಂದರು.

ನಿಯಮ ಹೀಗಿದೆ. ಹಿಂದಿನ ಪತ್ರದಲ್ಲಿ ಎದುರಿನವರು ಹೇಳಿದ್ದು ನಮಗೆ ಹೇಗೆ ಕೇಳಿಸಿತು ಎಂದು ಮೊದಲು ಬರೆಯಬೇಕು. ಸರಿಯಾಗಿ ಕೇಳಿಸಿಕೊಂಡೆನಾ ಎಂದು ಕೇಳಬೇಕು. ಅವರು ಹೌದು ಅನ್ನುವ ತನಕ ನಮ್ಮ ಸಮರ್ಥನೆ ಹೇಳುವಂತಿಲ್ಲ. ನನಗೆ ಇದೇನು ಮಹಾ? ವೈರ್‌ಲೆಸ್ಸಿನವನು ನಾನು. ಬಂದ ಸಂದೇಶವನ್ನು ಅಕ್ಷರ ತಪ್ಪದೆ ತಿರುಗಿ ಹೇಳುವುದೇ ನನ್ನ ಅನ್ನ. ಕ್ಲಾಸಿಗೆ ನಾನೇ ಫಸ್ಟ್ ಎಂದು ಪ್ರದೀಪನಿಗೆ ಹೇಳಿದ್ದೇನೆ.

ಈಗ ಮುಖ್ಯ ವಿಷಯ. ನನಗೆ ನಾಯಬ್ ಸುಬೇದಾರ್ ಬಡ್ತಿ ಬರುವುದಿದೆ. ಒಪ್ಪಿದರೆ ಇನ್ನೂ ನಾಲ್ಕು ವರ್ಷ ಇಲ್ಲಿ. ಬೇಡವೆಂದರೆ ಪೆನ್ಷನ್ ಹಿಡಿದು ಮನೆಗೆ. ದೀಪಾವಳಿಯ ಒಳಗೆ ಸಾಹೇಬರಿಗೆ ಹೇಳಬೇಕು. ನಿನ್ನ ಉತ್ತರ ಏನೆಂದು ನನಗೆ ಗೊತ್ತೇ ಇದೆ. ಆದರೂ ಕ್ಲಾಸಿನ ಪ್ರಕಾರ ಕೇಳಬೇಕು, ಕೇಳುತ್ತಿದ್ದೇನೆ. ಬರಲೇ?

ಇಂತಿ,
ಹವಾಲ್ದಾರ್ ಶಿವಯೋಗಿ ಎಲ್.


ಈಸೂರು
೨೧ ಜುಲೈ ೨೦೨೪

ಚೌಡೇಶನ ಅಪ್ಪನವರಿಗೆ ಮಮತಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ನನಗೆ ಹೀಗೆ ಕೇಳಿಸಿತು: ಸರ್ಕಾರ ಹೇಳಿದ್ದಕ್ಕೆ ನೀವು ನನ್ನ ಹತ್ತಿರ ಮಾತಾಡುತ್ತಿದ್ದೀರಿ. ಸರಿಯಾಗಿ ಕೇಳಿಸಿಕೊಂಡೆನಾ? ತಮಾಷೆಗೆ ಅಂದೆ. ಆದರೂ ಹೆಂಡತಿಗೆ ಬರೆದ ಕಾಗದದ ಕೆಳಗೆ ಹವಾಲ್ದಾರ್ ಎಂದು ರುಜು ಹಾಕುವವರು ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ನೀವೊಬ್ಬರೇ ಇರಬೇಕು.

ಪೋಸ್ಟಿನವನು ಕೂಗಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ. ಅಮ್ಮನೂ ಹೊರಗೆ ಬಂದು, 'ಏನ್ ಬರ್ದಾನವ್ವ, ಓದು' ಎಂದರು. ನಮ್ಮ ಮದುವೆಯಾದ ಮೊದಲ ವರ್ಷ ನೆನಪಾಯಿತು. ನೀವು ಸಿಗ್ನಲ್ಲೇ ಇಲ್ಲದ ಬೆಟ್ಟದ ಮೇಲಿದ್ದಿರಿ, ತಿಂಗಳಿಗೊಂದು ಕಾಗದ ಬರುತ್ತಿತ್ತು. ಕಟ್ಟೆಯ ಮೇಲೆ ಮಾವ ಬೀಡಿ ಆರಿಸಿ ಕೂರುತ್ತಿದ್ದರು, ಅಮ್ಮ ಮೊರ ಪಕ್ಕಕ್ಕಿಡುತ್ತಿದ್ದರು, ನಾನು ನಿಂತು ಓದುತ್ತಿದ್ದೆ. ಒಂದು ಕಾಗದದಲ್ಲಿ ನೀವು, ಇಲ್ಲಿ ಹಿಮ ಬೀಳುತ್ತಿದೆ, ನಿನ್ನ ಕಾಲ್ಗೆಜ್ಜೆಯ ಸಪ್ಪಳ ಕೇಳಿದ ಹಾಗಾಗುತ್ತದೆ ಎಂದು ಬರೆದಿದ್ದಿರಿ. ಆ ಸಾಲನ್ನು ನುಂಗಿ, ಇಲ್ಲಿ ಹಿಮ ಬೀಳುತ್ತಿದೆ, ಕಂಬಳಿ ಕಳಿಸಿ ಎಂದು ಓದಿದೆ. ಮಾವ ನಿಜವಾಗಿಯೂ ಕಂಬಳಿ ಕಳಿಸಿದರು. ನೀವು ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಒಂದು ಸಾಲನ್ನು ಎಷ್ಟು ವರ್ಷ ನನ್ನೊಳಗೇ ಇಟ್ಟುಕೊಂಡಿದ್ದೆ ನೋಡಿ.

ಇಲ್ಲಿ ಎಲ್ಲ ಆರಾಮ. ನೀವು ತಂದ ವಾಷಿಂಗ್ ಮಷೀನ್ ಚೆನ್ನಾಗಿದೆ. ಅಮ್ಮ ಅದಕ್ಕೆ ಹಳೇ ಸೀರೆ ಹೊದಿಸಿದ್ದಾರೆ. ಈಗಲೂ ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತದೆ, ಎದ್ದು ಏನು ಮಾಡುವುದೆಂದು ತಿಳಿಯದೆ ಮತ್ತೆ ಮಲಗುತ್ತೇನೆ. ಕುರಿರೊಪ್ಪದ ಕಡೆ ಸದ್ದೇ ಇಲ್ಲ. ಅಮ್ಮ ಒಂದೊಂದು ಸಲ ಮರೆತು ಬಾಗಿಲ ಹತ್ತಿರ ಹೋಗಿ ನಿಂತಿರುತ್ತಾರೆ.

ಬರುವ ವಿಷಯ ಕೇಳಿದಿರಿ. ನಿಮ್ಮ ಇಷ್ಟ. ನಾನೇನು ಹೇಳಲಿ?

ಮಮತಾ


ಕೇರಾಫ್ ೫೬ ಎ.ಪಿ.ಒ.
೪ ಆಗಸ್ಟ್ ೨೦೨೪

ಪ್ರೀತಿಯ ಮಮತಾಗೆ,

ನೀನು ಹೇಳಿದ್ದು ನನಗೆ ಹೀಗೆ ಕೇಳಿಸಿತು: ಎಲ್ಲರೂ ಆರಾಮ. ವಾಷಿಂಗ್ ಮಷೀನ್ ಚೆನ್ನಾಗಿದೆ. ಬೆಳಗಿನ ಕೆಲಸ ತಪ್ಪಿದ್ದರಿಂದ ಮತ್ತೆ ಮಲಗಲು ಆಗುತ್ತಿದೆ. ರೊಪ್ಪದ ಗಲಾಟೆ ನಿಂತು ಮನೆ ಶಾಂತವಾಗಿದೆ. ನಾನು ಬರುವುದು ನಿನಗೆ ಇಷ್ಟ, ಬಾಯಿಬಿಟ್ಟು ಹೇಳಲು ನಾಚಿಕೆ. ಸರಿಯಾಗಿ ಕೇಳಿಸಿಕೊಂಡೆ ತಾನೇ?

ಕಂಬಳಿಯ ಕಥೆ ಓದಿ ಪ್ರದೀಪನ ಎದುರು ನಗುತ್ತಲೇ ಕಣ್ಣು ಒರೆಸಿಕೊಂಡೆ. ಆ ಕಂಬಳಿ ಬಂದಾಗ ಅಪ್ಪನಿಗೆ ಹೇಗೆ ತಿಳಿಯಿತೋ ಎಂದುಕೊಂಡಿದ್ದೆ. ಅಪ್ಪ ಈಗ ಬಹಳ ನೆನಪಾಗುತ್ತಾನೆ. ಸುಗ್ಗಿ ಮುಗಿದ ಮೇಲೆ ಸೊರಬದ ಕಡೆ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದ ದಿನ ಮನೆಯೊಳಗೆ ನುಗ್ಗುತ್ತಿರಲಿಲ್ಲ, ಕಟ್ಟೆಯ ಮೇಲೇ ಕೂರುತ್ತಿದ್ದ. ಅಮ್ಮ ಬೆಲ್ಲ ನೀರು ಕೊಡುತ್ತಿದ್ದಳು. ಮೂರು ದಿನ ಅಪ್ಪ ನೆಂಟನ ಹಾಗೆ ಇರುತ್ತಿದ್ದ. ಬಡಿಸಿದ್ದು ಉಣ್ಣುವುದು, 'ಈ ಗೋಡೆ ಯಾವಾಗ ಸಾರ್ಸಿದೆ ಹಾಲಿ' ಎಂದು ಅಮ್ಮನ ಹೆಸರು ಹಿಡಿದು ಮೆಲ್ಲಗೆ ಕೇಳುವುದು. ಹುಡುಗರಾದ ನಮಗೆ ಅದು ನಗೆಪಾಟಲು. ಇವನಿಗೆ ತನ್ನ ಮನೆಯೇ ಮರೆತುಹೋಗಿದೆ ಎಂದು ನಗುತ್ತಿದ್ದೆವು.

ನನಗೆ ಗುಡವಿಯೂ ನೆನಪಾಯಿತು. ಮದುವೆಯಾದ ಮೇಲಿನ ಮೊದಲ ರಜೆಯಲ್ಲಿ ನಿನ್ನ ತವರಿನಿಂದ ನಿನ್ನ ಅಣ್ಣನ ಬೈಕಿನಲ್ಲಿ ಹೋಗಿದ್ದೆವಲ್ಲ. ಕೆರೆಯ ಮರಗಳೆಲ್ಲ ಬೆಳ್ಳಕ್ಕಿಗಳಿಂದ ಬೆಳ್ಳಗಾಗಿದ್ದವು. ನೀನು ಒಂದೂ ಮಾತಾಡಲಿಲ್ಲ. ನನಗೆ ಅಷ್ಟು ಸುಖದ ದಿನ ಇನ್ನೊಂದು ನೆನಪಿಲ್ಲ.

ಬಂದ ಮೇಲೆ ಮಾಡುವ ಕೆಲಸವನ್ನೆಲ್ಲ ಯೋಚಿಸಿದ್ದೇನೆ. ರೊಪ್ಪ ಕೆಡವಿಸಿ, ರಸ್ತೆಗೆ ಮುಖ ಮಾಡಿ ಎರಡು ಮಳಿಗೆ ಕಟ್ಟಿಸೋಣ. ನಕ್ಷೆ ಬರೆದಿದ್ದೇನೆ. ನೀನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ, ಎಲ್ಲ ನಾನು ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ನೀನು ಪಟ್ಟ ಪಾಡು ಸಾಕು.

ನಿನ್ನ,
ಶಿವಯೋಗಿ


ಕುಬಟೂರು
೨ ಸೆಪ್ಟೆಂಬರ್ ೨೦೨೪

ಚೌಡೇಶನ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದೇನೆ. ಎಲ್ಲರೂ ಕ್ಷೇಮ.

ಮಳಿಗೆಯ ವಿಷಯ ನಿಮ್ಮ ಇಷ್ಟ. ಬರುವುದೂ ನಿಮ್ಮ ಇಷ್ಟ. ಮನೆ ನಿಮ್ಮದು, ನಿಮ್ಮ ಇಷ್ಟದ ಹಾಗೆ ಮಾಡಿ.

ಮಮತಾ


ಕೇರಾಫ್ ೫೬ ಎ.ಪಿ.ಒ.
೧೫ ಸೆಪ್ಟೆಂಬರ್ ೨೦೨೪

ಮಮತಾ,

ನೀನು ಹೇಳಿದ್ದು ನನಗೆ ಹೀಗೆ ಕೇಳಿಸಿತು ಎಂದು ಬರೆದು ಪೆನ್ನು ಹಿಡಿದು ಕೂತಿದ್ದೇನೆ. ಏನೂ ಕೇಳಿಸುತ್ತಿಲ್ಲ.

ಗಣಪತಿ ನೀರಿಗೆ ಹೋದರೂ ನೀನು ಈಸೂರಿಗೆ ಹೋಗಿಲ್ಲವಂತೆ. ನಿನಗೆ ಫೋನ್ ಮಾಡಿದರೆ ಆರಾಮ್ ರೀ ಎನ್ನುತ್ತೀಯ, ಹಿಂದೆ ನಿಮ್ಮಮ್ಮನ ದನಿ, ಟೀವಿಯ ದನಿ. ಮೊದಲು ಅಮ್ಮನ ಮೇಲೆ ಸಂಶಯಪಟ್ಟೆ. ಅವಳೇನಾದರೂ ಅಂದಳೇ ಎಂದು ಕೇಳಿದೆ. 'ನಾನೇನೂ ಅಂದಿಲ್ಲಪ್ಪ. ನಾನು ಏನೂ ಅನ್ಲಿಲ್ಲ ಅನ್ನೋದೇ ನಂದು ತಪ್ಪು' ಎಂದು ಫೋನ್ ಇಟ್ಟುಬಿಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ.

ನಿನ್ನ ಪತ್ರವನ್ನು ಪ್ರದೀಪನಿಗೆ ತೋರಿಸಿದೆ, ತಪ್ಪು ತಿಳಿಯಬೇಡ. ಅವನು ಓದಿ, 'ಅಣ್ಣಾ, ನಮ್ಮ ಮನೆಯಾಕಿ ಒಂದು ಸಲ ನಿಮ್ಮ ಇಷ್ಟ ಅಂದ್ರ ನಾನು ಊಟಾನೇ ಬಿಡ್ತೀನಿ. ಇಲ್ಲಿ ಎಷ್ಟು ಸಲ ಬರ್ದಾರ ನೋಡ್ರಿ' ಎಂದ.

ನಿನ್ನೆ ಕ್ಲಾಸಿನಲ್ಲಿ ಊರಿಗೆ ಮರಳುವುದರ ಬಗ್ಗೆ ಪಾಠ. ಹೋದ ರಜೆಯಲ್ಲಿ ಮನೆಗಾಗಿ ಏನು ಮಾಡಿದಿರಿ ಎಂದು ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬ ನಲ್ಲಿ ರಿಪೇರಿ ಮಾಡಿದ್ದ. ಇನ್ನೊಬ್ಬ ಮಕ್ಕಳನ್ನು ಬೆಳಿಗ್ಗೆ ಓಡಿಸಿದ್ದ. ನಾನು ಎದೆಯುಬ್ಬಿಸಿ, ಕುರಿ ಮಂದೆ ಮಾರಿ ಹೆಂಡತಿಗೆ ಬಿಡುಗಡೆ ಕೊಟ್ಟೆ ಎಂದೆ. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ತಟ್ಟಲಿಲ್ಲ. ರಾಜಸ್ಥಾನದ ಒಬ್ಬಾಕೆ, ತಲೆಯ ಮೇಲಿನ ಸೆರಗನ್ನೂ ಸರಿಸದೆ, ಅವರನ್ನು ಕೇಳಿದ್ದಿರಾ ಎಂದಳು. ಕೇಳುವುದೇನು, ಅವಳ ಸುಖಕ್ಕೇ ಮಾಡಿದ್ದಲ್ಲವೇ ಎಂದೆ.

ಆಮೇಲೆ ನಿನ್ನ ಜುಲೈ ಪತ್ರ ಮತ್ತೆ ತೆಗೆದು ಓದಿದೆ. ಅಮ್ಮ ರೊಪ್ಪದ ಬಾಗಿಲಲ್ಲಿ ಹೋಗಿ ನಿಂತಿರುತ್ತಾಳೆ ಎಂದು ಬರೆದಿದ್ದೀಯ. ಅದನ್ನು ನಾನು ನಿನಗೆ ತಿರುಗಿ ಹೇಳಿರಲಿಲ್ಲ. ಅಕ್ಷರ ತಪ್ಪದೆ ಹೇಳುವವನು ಅದೊಂದನ್ನು ಹೇಗೆ ಬಿಟ್ಟೆನೋ.

ಕುರಿಯ ವಿಷಯವೇ? ಹೇಳು. ಎಷ್ಟು ಖಾರವಾದರೂ ಹೇಳು.

ಶಿವಯೋಗಿ


ಕುಬಟೂರು
೧ ಅಕ್ಟೋಬರ್ ೨೦೨೪

ಚೌಡೇಶನ ಅಪ್ಪನವರಿಗೆ,

ಈ ಪತ್ರವನ್ನು ಕ್ಲಾಸಿಗೆ ಒಯ್ಯಬೇಡಿ. ಪ್ರದೀಪನಿಗೂ ತೋರಿಸಬೇಡಿ.

ಹೌದು, ಕುರಿಯ ವಿಷಯವೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಒಂದೇ ಕಡೆ ಉಂಡು ಮಲಗಿದ ದಿನಗಳೇ ಕಡಿಮೆ, ಅದಕ್ಕೇ ಇರಬೇಕು ನಮ್ಮ ಜಗಳಗಳು ಶುರುವಾಗದೆ ಹಾಗೇ ಒಳಗೆ ಉಳಿದುಬಿಡುತ್ತವೆ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕುರಿಯೆಂದರೆ ಬರೀ ವಾಸನೆ. ಗದ್ದೆಯವರ ಮನೆ ಮಗಳು ನಾನು. ಮೂಗಿಗೆ ಸೆರಗು ಹಿಡಿದು ರೊಪ್ಪ ಗುಡಿಸುತ್ತಿದ್ದೆ, ಮಾವ ನೋಡಿ ನಗುತ್ತಿದ್ದರು. ಮಾವ ತೀರಿಕೊಂಡ ವರ್ಷ ಅಮ್ಮನಿಗೆ ಮಂಡಿ ಹಿಡಿಯಿತು. ಮಂದೆ ಕೊಟ್ಟುಬಿಡೋಣ ಎಂದು ಎಲ್ಲರೂ ಅಂದರು. ಬೇಡ ಎಂದವಳು ನಾನು. ಯಾಕೆ ಅಂದೆನೋ ಗೊತ್ತಿಲ್ಲ, ಹಟಕ್ಕೆ ಅಂದಿರಬೇಕು.

ಆ ಮಾಗಿಯಲ್ಲಿ ಒಂದು ಬೆಳಿಗ್ಗೆ ಕೆಂಚಿ ಎಂಬ ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಅಮ್ಮ ನನ್ನನ್ನು ಕರೆದು, 'ನನ್ ಕೈ ನಡಗ್ತತಿ. ನಿನ್ ಕೈ ಸಣ್ಣದೈತಿ, ಹಾಕವ್ವ' ಎಂದರು. ಕಣ್ಣು ಮುಚ್ಚಿ ಕೈ ಹಾಕಿದೆ. ಕಾಲು ಸಿಕ್ಕಿತು. ಅಮ್ಮ ಹೇಳಿದ ಹಾಗೆ ಮೆಲ್ಲಗೆ ಎಳೆದೆ. ಮರಿ ಬಂತು, ಉಸಿರಿರಲಿಲ್ಲ. ಅಮ್ಮ ಅದರ ಹಿಂಗಾಲು ಹಿಡಿದು ಬೀಸಿದರು. ಅದು ಸೀನಿತು. ನಾನು ಅಲ್ಲೇ ಹಿಕ್ಕೆಯ ಮೇಲೆ ಕೂತು ಜೋರಾಗಿ ಅತ್ತೆ. ಅವತ್ತು ಆ ಮನೆ ನನ್ನದಾಯಿತು. ತಾಳಿ ಕಟ್ಟಿದ ದಿನ ಅಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ಎಷ್ಟು ಮರಿಗಳಿಗೆ ಬಾಟಲಿ ಹಾಲು ಕುಡಿಸಿದೆ. ಯಾವ ಕುರಿಗೆ ಹೊಟ್ಟೆ ಉಬ್ಬಿದೆ, ಯಾವುದಕ್ಕೆ ಕಾಲುನೋವು ಎಂದು ಕೆಮ್ಮಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪಶು ಡಾಕ್ಟರು ಊರಿಗೆ ಬಂದರೆ ಮೊದಲು ನನ್ನನ್ನು ಕೇಳುತ್ತಿದ್ದರು. ಊರಲ್ಲಿ ಮಿಲಿಟರಿ ಶಿವಯೋಗಿ ಹೆಂಡತಿ ಎಂಬ ಹೆಸರು ಹೋಗಿ ಕುರಿ ಮಮತಾ ಎಂದಾಯಿತು. ನನಗೆ ಆ ಹೆಸರು ಇಷ್ಟವಿತ್ತು. ನೀವು ಫೋನಿನಲ್ಲಿ ಕೆಲಸ ಜಾಸ್ತಿಯಾಯಿತಾ ಎಂದು ಕೇಳಿದಾಗ ಹೂಂ ರೀ ಎಂದಿದ್ದೇನೆ, ಅದು ನಿಜ. ಕೆಲಸ ಜಾಸ್ತಿ ಎಂದೆ. ಬೇಡ ಎಂದೆನಾ?

ಹೋದ ಶಿವರಾತ್ರಿಯಾದ ವಾರ ಚೌಡೇಶನ ಹಾಸ್ಟೆಲ್ಲಿನ ಮೀಟಿಂಗಿಗೆ ಶಿಕಾರಿಪುರಕ್ಕೆ ಹೋಗಿದ್ದೆ. ಸಂಜೆ ಕುರಿಗಳಿಗೆಂದು ಕೊಂಡ ಹಿಂಡಿಯ ಚೀಲವನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು ಇಳಿದರೆ ರೊಪ್ಪದ ಬಾಗಿಲು ತೆರೆದಿತ್ತು. ಒಳಗೆ ನೀವು ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದಿರಿ. 'ಕುರಿ ವ್ಯಾಪಾರದ ನಾಗರಾಜಪ್ಪನ ಗಾಡಿಗೆ ತುಂಬಿ ಕಳಿಸ್ದೆ ಕಣೆ. ಇನ್ಮೇಲೆ ನೀನು ಆರಾಮಾಗಿರು' ಎಂದಿರಿ. ನಿಮ್ಮ ಮುಖದಲ್ಲಿ ಎಂಥ ನಗು. ಆ ನಗು ನೋಡಿ ನನಗೆ ಬಾಯಿ ಬರಲಿಲ್ಲ. ಹಿಂಡಿಯ ಚೀಲ ಕಾಲ ಹತ್ತಿರವೇ ಇತ್ತು. ಒಳಗೆ ಹೋಗಿ ರೊಟ್ಟಿ ಬಡಿದೆ. ಇವತ್ತು ರೊಟ್ಟಿ ಚೆನ್ನಾಗಿದೆ ಎಂದು ಒಂದು ಜಾಸ್ತಿಯೇ ತಿಂದಿರಿ.

ನಿಮ್ಮ ಅಪ್ಪ ಮೂರು ದಿನ ನೆಂಟನ ಹಾಗಿದ್ದರು ಎಂದು ಅಷ್ಟು ಚಂದ ಬರೆದಿದ್ದೀರಿ. ಯಾಕೆ ಹಾಗಿದ್ದರು ಎಂದು ಅಮ್ಮ ನನಗೆ ಹೇಳಿದ್ದಾರೆ. 'ಅಷ್ಟು ದಿನ ಹೊರಗಿದ್ದೋನು ಬಂದ ಕೂಡ್ಲೇ ಯಜಮಾನ್ಕಿ ಮಾಡಿದ್ರೆ, ಇದ್ದು ಮನೆ ನಡ್ಸಿದಾಕಿ ಎಲ್ಲಿಗೆ ಹೋಗ್ಬೇಕವ್ವ? ಮೂರು ದಿನ ಕಣ್ಣಿಂದ ನೋಡ್ತಿದ್ರು, ನಾಕನೇ ದಿನ ಬಾಯಿ ಬಿಡ್ತಿದ್ರು.' ಅವರಿಗೆ ಮನೆ ಮರೆತುಹೋಗಿರಲಿಲ್ಲ. ನೀವು ರಜೆಗೆ ಬಂದರೆ ಬ್ಯಾಗ್ ಇಡುವ ಮೊದಲೇ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸುತ್ತೀರಿ. ನೀವು ಹೋದ ಮೇಲೆ ಉಪ್ಪು ಎಲ್ಲಿದೆಯೆಂದು ನಾನು ಹುಡುಕುತ್ತೇನೆ.

ಈಗ ಮಳಿಗೆ. ನಕ್ಷೆ. ಎಲ್ಲ ನಾನು ನೋಡಿಕೊಳ್ಳುತ್ತೇನೆ. ಅದನ್ನು ಓದಿದ ದಿನವೇ ತವರಿಗೆಂದು ಆನವಟ್ಟಿ ಬಸ್ ಹತ್ತಿದೆ.

ನೀವು ಕೇಳಿದಿರಿ, ಹೇಳುತ್ತೇನೆ. ನೀವು ಮನೆಗೆ ಬರುವುದೆಂದರೆ ನನಗೆ ಭಯ. ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು, ಬೈಯಬಹುದಿತ್ತು. ನೀವು ನನಗಾಗಿ ಮಾಡುತ್ತೀರಿ, ನಾನು ಉಳಿಯುವುದಿಲ್ಲ.

ಮಮತಾ


ಕೇರಾಫ್ ೫೬ ಎ.ಪಿ.ಒ.
೨೦ ಅಕ್ಟೋಬರ್ ೨೦೨೪

ಮಮತಾ,

ನೀನು ಹೇಳಿದ್ದು ನನಗೆ ಹೀಗೆ ಕೇಳಿಸಿತು.

ಆ ಮಂದೆ ನಿನ್ನದು. ನನ್ನ ಅಪ್ಪನದೂ ಅಲ್ಲ, ನನ್ನದಂತೂ ಅಲ್ಲ. ಅದನ್ನು ನೀನು ನಿನ್ನ ಕೈಯಿಂದ ಜೀವ ಕೊಟ್ಟು ಉಳಿಸಿದ್ದೆ. ನಾನು ನಿನ್ನನ್ನು ಕೇಳದೆ ಗಾಡಿ ಹತ್ತಿಸಿದೆ. ನಿನಗೆ ಬಾಯಿ ಬರದೆ ಹೋದದ್ದನ್ನು ನಾನು ಸಂತೋಷ ಎಂದುಕೊಂಡು ಇನ್ನೊಂದು ರೊಟ್ಟಿ ತಿಂದೆ. ನಾನು ಊರಿಗೆ ಬರುತ್ತೇನೆ ಎಂದರೆ ನಿನಗೆ ಭಯವಾಗುತ್ತದೆ.

ಸರಿಯಾಗಿ ಕೇಳಿಸಿಕೊಂಡೆನಾ?

ಕಾರಣಗಳು ಬಹಳ ಇವೆ. ಬರೆದೆ, ಹರಿದೆ. ಮೇಡಂ ನಿಯಮಕ್ಕಲ್ಲ. ಓದಿ ನೋಡಿದರೆ ಒಂದೂ ನಿನ್ನ ಹಿಂಡಿಯ ಚೀಲದ ಎದುರು ನಿಲ್ಲಲಿಲ್ಲ. ಇಷ್ಟು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲೆಲ್ಲಿಯದೋ ದನಿ ಕೇಳಿ ಸಂಬಳ ತಿಂದಿದ್ದೇನೆ. ನಾಚಿಕೆಯಾಗುತ್ತದೆ.

ಗುಡವಿಯ ಕೆರೆ ದಂಡೆಯಲ್ಲಿ ನೀನು ಒಂದೂ ಮಾತಾಡಲಿಲ್ಲ, ಅದೇ ನನ್ನ ಸುಖದ ದಿನ ಎಂದು ಬರೆದಿದ್ದೆನಲ್ಲ. ಅವತ್ತು ನಿನ್ನ ಮನಸ್ಸಿನಲ್ಲಿ ಏನಿತ್ತು? ಈಗ ಕೇಳಬೇಕು ಅನ್ನಿಸುತ್ತಿದೆ. ಉತ್ತರ ಕೊಡಲೇಬೇಕೆಂದಿಲ್ಲ.

ಮೊನ್ನೆ ಸುಬೇದಾರ್ ಸಾಹೇಬರು ಕರೆಸಿದ್ದರು. ಬಡ್ತಿ ಒಪ್ಪಿಕೊಂಡೆ. ಕಾಗದಪತ್ರ ನವೆಂಬರ್ ಕೊನೆಗೆ ಮೇಲೆ ಹೋಗುತ್ತದೆ. ಇನ್ನು ನಾಲ್ಕು ವರ್ಷ ನಾನು ಬರುವುದಿಲ್ಲ. ನೀನು ಧೈರ್ಯವಾಗಿ ಈಸೂರಿಗೆ ಹೋಗು. ಮಳಿಗೆ ಕಟ್ಟಿಸುವುದಿಲ್ಲ. ಮನೆ ನಿನ್ನದು, ನೆಮ್ಮದಿಯಾಗಿರು. ನಿನ್ನ ಭಯಕ್ಕೆ ನಾನು ಮಾಡಬಹುದಾದದ್ದು ಇದೊಂದೇ ಎಂದು ತೋರಿತು.

ಶಿವಯೋಗಿ


ಈಸೂರು
೫ ನವೆಂಬರ್ ೨೦೨೪

ಶಿವಯೋಗಿಯವರಿಗೆ,

ಹೆಸರು ಹಿಡಿದು ಬರೆದಿದ್ದೇನೆ. ಕೋಪ ಬಂದಿದೆ, ಅದಕ್ಕೆ.

ನಾನು ಈಸೂರಿಗೆ ಬಂದು ಹತ್ತು ದಿನದ ಮೇಲಾಯಿತು. ನಿಮ್ಮ ಪತ್ರ ಕುಬಟೂರಿಗೆ ಹೋಗಿ, ಅಣ್ಣ ನಿನ್ನೆ ತಂದುಕೊಟ್ಟ. ನಾನಾಗಿ ಬರಲಿಲ್ಲ, ಅಮ್ಮ ಬಂದು ಕರೆದುಕೊಂಡು ಬಂದರು. ಆ ಮಂಡಿಯಲ್ಲಿ ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಒಬ್ಬರೇ ಬಂದಿದ್ದರು. ನಮ್ಮಮ್ಮ ಕಾಫಿ ಕೊಟ್ಟರೆ ಲೋಟ ಮುಟ್ಟದೆ, 'ನನ್ ಮಗ ಗಾಡಿಗೆ ತುಂಬುವಾಗ ನಾನೂ ಬಾಯಿ ಮುಚ್ಕಂಡು ಕುಂತಿದ್ದೆ. ಮಗ ಬಂದಾನೆ, ಮಗನ ಮಾತು ಅಂದ್ಕಂಡೆ. ಸೊಸಿ ಮಾತು ನೆನಪಿಗೆ ಬರ್ಲಿಲ್ಲ. ಅದಕ್ಕೆ ಕರ್ಯಾಕೆ ನಾನೇ ಬಂದೀನಿ' ಎಂದರು. ನಾನು ಬ್ಯಾಗ್ ತುಂಬಿದೆ.

ದಾರಿಯಲ್ಲಿ ಶಿಕಾರಿಪುರಕ್ಕೆ ಹೋಗಿ, ನಾವಿಬ್ಬರೇ ನೋಡಿ, ಹಲ್ಲು ಎಣಿಸಿ, ಚೌಕಾಶಿ ಮಾಡಿ, ನಾಲ್ಕು ಹೆಣ್ಣು ಕುರಿ ತಂದೆವು. ಹಳೆಯವು ಸಿಗಲಿಲ್ಲ. ನಿಮ್ಮನ್ನು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲ. ಇನ್ನು ಮುಂದೆ ಕೇಳುತ್ತೇನೆ.

ನಿಮ್ಮ ಪತ್ರದ ಅರ್ಧ ಓದುವ ತನಕ ನನಗೆ ಏನಾಯಿತೆಂದು ಹೇಗೆ ಬರೆಯಲಿ? ಕುರಿ, ಚೀಲ, ರೊಟ್ಟಿ, ಒಂದನ್ನೂ ಬಿಡದೆ ಕೇಳಿಸಿಕೊಂಡಿದ್ದಿರಿ. ಮದುವೆಯಾದಾಗಿನಿಂದ ನಿಮ್ಮ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ. ಗುಡವಿಯಲ್ಲಿ ಏನಿತ್ತು ಎಂದು ಕೇಳಿದಿರಲ್ಲ, ಅವತ್ತು ನನಗೆ ಹಸಿವಾಗಿತ್ತು, ಹೇಳಲು ನಾಚಿಕೆಯಾಗಿತ್ತು, ಅಷ್ಟೇ. ಅದನ್ನು ನೆನೆದು ಒಬ್ಬಳೇ ನಕ್ಕೆ. ನಗುತ್ತಾ ಪುಟ ತಿರುಗಿಸಿದೆ. ಬಡ್ತಿ ಒಪ್ಪಿಕೊಂಡೆ ಎಂದಿತ್ತು.

ಅವತ್ತು ನನ್ನ ಸುಖಕ್ಕೆಂದು ಕುರಿಗಳನ್ನು ಕಳಿಸಿದಿರಿ. ಇವತ್ತು ನನ್ನ ನೆಮ್ಮದಿಗೆಂದು ನಿಮ್ಮನ್ನೇ ಕಳಿಸಿಬಿಟ್ಟಿರಿ. ಎರಡು ಸಲವೂ ನನ್ನನ್ನು ಕೇಳಲಿಲ್ಲ.

ಭಯ ಎಂದೆ. ಬರಬೇಡಿ ಎಂದೆನಾ? ಹೊಸ ಕುರಿ ಮನೆಗೆ ತಂದಾಗಲೂ ನನಗೆ ಭಯವಾಗುತ್ತದೆ, ಹಾಗೆಂದು ರೊಪ್ಪದ ಬಾಗಿಲು ಹಾಕಿಕೊಳ್ಳುತ್ತೇನಾ? ನಾಲ್ಕು ವರ್ಷವಾದ ಮೇಲೆ ಚೌಡೇಶ ಕಾಲೇಜಿಗೆ ಹೋಗಿರುತ್ತಾನೆ. ಅಮ್ಮ ಇರುತ್ತಾರೋ ಇಲ್ಲವೋ. ನಾನು ನಿಮಗೆ ಹೆದರದೆ ಇರಲು ಕಲಿಯುವುದು ಯಾರ ಜೊತೆ? ನೀವೇ ಇಲ್ಲದೆ?

ಕಾಗದಪತ್ರ ಮೇಲೆ ಹೋಗುವುದು ತಿಂಗಳ ಕೊನೆಗೆ ಎಂದಿದ್ದೀರಿ. ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ತಲುಪಿದ ದಿನವೇ ಸಾಹೇಬರ ಹತ್ತಿರ ಹೋಗಿ, ನನ್ನ ಹೆಂಡತಿಯನ್ನು ಕೇಳುವುದು ಮರೆತಿದ್ದೆ, ಈಗ ಕೇಳಿದೆ ಎಂದು ಹೇಳಿ. ನಗುತ್ತಾರೆ. ನಗಲಿ.

ಜುಲೈನಲ್ಲಿ ಬರಲೇ ಎಂದು ಕೇಳಿದ್ದಿರಿ. ನಿಮ್ಮ ಇಷ್ಟ ಎಂದೆ. ಅದು ಉತ್ತರವಲ್ಲ, ನನಗೇ ಗೊತ್ತಿತ್ತು. ನನ್ನ ಇಷ್ಟ ಏನೆಂದು ನಾನು ಇಷ್ಟು ವರ್ಷ ನಿಮಗೆ ಒಮ್ಮೆಯೂ ಹೇಳಿಲ್ಲ, ಹೇಳುವ ಅಭ್ಯಾಸವೂ ಇಲ್ಲ. ಈಗ ಹೇಳುತ್ತೇನೆ.

ನನಗೆ ನೀವು ಬೇಕು. ಬನ್ನಿ.

ಮಮತಾ